ಪಿನ್ನು ನನ್ನ ಕೊರಳಲ್ಲಿ

ಮಾರ್ಚ್ ೩, ಬೆಳಿಗ್ಗೆ

ಮತ್ತೆ ಕಾರಿಗೆ ಕಟ್ಟಿದ ಟ್ರೇಲರನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಭ್ಯಾಸ. ಗೋದಾಮಿಗೆ ರಜೆ, ಅಂಗಳ ಖಾಲಿ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ. ಗೊತ್ತು. ಕೈಗೆ ಮಾತ್ರ ಗೊತ್ತಿಲ್ಲ. ಒಂದು ಕಸದ ಡಬ್ಬಿ ಅಪ್ಪಚ್ಚಿ. ಕಾವಲುಗಾರ ಹಲ್ಲು ಕಿರಿದ. "ಮೇಡಂ, ಸಾರ್ ಬರಲಿಲ್ವಾ?"

"ನಾನು ಬಂದಿದ್ದೀನಲ್ಲ" ಎಂದೆ. ಡಬ್ಬಿ ನೆಟ್ಟಗೆ ಮಾಡಿಟ್ಟು ಮತ್ತೆ ಮೊದಲಿಂದ.

ಮಾರ್ಚ್ ೫

ಇವರದು ಇವತ್ತೂ ಅದೇ ರಾಗ. ನಮ್ಮ ಎರಡು ಸೀಟಿನ ಪುಟ್ಟ ವಿಮಾನ ಮಾರಿಬಿಡೋಣ. ಕಣ್ಣಿನ ಪರೀಕ್ಷೆಯಲ್ಲಿ ಫೇಲಾದದ್ದು ಇವರು, ಶಿಕ್ಷೆ ವಿಮಾನಕ್ಕೆ.

ವಿಮಾನ ನಿಲ್ಲಿಸಿರುವ ಈ ಮೈದಾನ ತಿಂಗಳ ಕೊನೆಗೆ ಮುಚ್ಚುತ್ತದೆ. ತಪಾಸಣೆಯ ಅವಧಿ ಮುಗಿದಿದೆ, ಹಾರಿಸಿಕೊಂಡು ಹೋಗುವಂತಿಲ್ಲ. ಹನ್ನೆರಡನೇ ತಾರೀಕು ಗುಡ್ಡದಾಚೆಯ ಮೈದಾನಕ್ಕೆ ತಪಾಸಣೆಯ ಅಧಿಕಾರಿ ಬರುತ್ತಾರೆ. ಅಷ್ಟರಲ್ಲಿ ರಸ್ತೆಯ ಮೇಲೆ ಅಲ್ಲಿಗೆ ಮುಟ್ಟಿಸಬೇಕು, ಒಂದು ಗಾಯವೂ ಆಗದಂತೆ. ಮುಟ್ಟಿಸಿದರೆ ಉಳಿಯಿತು. ಇಲ್ಲದಿದ್ದರೆ ಕೊಳ್ಳುವವನು ಕಾಯುತ್ತಿದ್ದಾನೆ.

"ನಾನು ಹಾರಿಸದ ಮೇಲೆ ಅದು ಯಾಕೆ ಕಣೆ?"

"ನಾನು ಹಾರಿಸ್ತೀನಿ."

"ನೀನಾ?"

ಮೈಯೆಲ್ಲ ಉರಿಯಿತು. ಲೈಸೆನ್ಸ್ ನನಗೂ ಇದೆ. ಮದುವೆಯಾದಾಗಿನಿಂದ ಹಿಂದಿನ ಸೀಟಿನಲ್ಲಿ ಕುಳಿತು ಇವರ ತಲೆಯ ಹಿಂಭಾಗ ನೋಡಿದ್ದೇನೆ. ಕೂದಲು ಒಂದೊಂದಾಗಿ ಹೋದದ್ದನ್ನೂ ನೋಡಿದ್ದೇನೆ. ಇನ್ನು ಸಾಕು.

ಮಾರ್ಚ್ ೯

ಮಗಳ ಫೋನ್. "ಅಮ್ಮಾ, ಅಪ್ಪನ ಮನಸ್ಸು ನೋಯಿಸ್ತಿದೀಯ." ನನ್ನ ಮನಸ್ಸನ್ನು ಯಾರೂ ವಿಚಾರಿಸಲಿಲ್ಲ. ಹಾಲು ಉಕ್ಕುತ್ತಿದೆ ಎಂದು ಫೋನ್ ಇಟ್ಟೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಮಾರ್ಚ್ ೧೦, ಸಂಜೆ

ಟ್ರೇಲರಿಗೆ ಏರಿಸಲು ವಿಮಾನದ ರೆಕ್ಕೆ ಮಡಚಿಯಾಯಿತು.

ನಮ್ಮಿಬ್ಬರದು ಒಂದು ಕಟ್ಟುಪಾಡು. ಹಾರುವಾಗ ರೆಕ್ಕೆಯನ್ನು ಭದ್ರವಾಗಿ ಹಿಡಿಯುವ ಬುಡದ ಪಿನ್ನು ತೆಗೆದವರೇ ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಳ್ಳಬೇಕು. ರೆಕ್ಕೆ ಬಿಚ್ಚಿದಾಗ ಅವರೇ ಮತ್ತೆ ಹಾಕಬೇಕು. ಕಳೆಯಬಾರದು, ಮರೆಯಬಾರದು. ದಾರಿಯಲ್ಲಿ ಕೊನೆಯ ಮಾತೂ ಅವರದೇ. ನಿಯಮ ಮಾಡಿದ್ದು ಇವರು. ಆದ್ದರಿಂದ ಪಿನ್ನು ಯಾವಾಗಲೂ ಇವರ ಕೊರಳಲ್ಲೇ.

ಇವತ್ತು ಮೆಕ್ಯಾನಿಕ್ ರೆಕ್ಕೆ ಹಿಡಿದುಕೊಂಡ, ಇವರು ಬರುವ ಮೊದಲೇ ಎರಡೂ ಪಿನ್ನು ತೆಗೆದು ಕೊರಳಿಗೆ ಹಾಕಿಕೊಂಡೆ. ಎದೆಗೆ ತಣ್ಣಗೆ ತಾಗುತ್ತಿವೆ.

ಇವರು ಬಂದರು. ನನ್ನ ಕೊರಳು ನೋಡಿದರು. ಮನೆಗೆ ಹೋಗಿ ಹಳೆಯ ಹೊದಿಕೆ ತಂದು, ರೆಕ್ಕೆಗೆ ಹೊದಿಸಿ, ಹಗ್ಗ ಕಟ್ಟಿದರು. ಮಾರಬೇಕು ಎನ್ನುವವರು ಹೊದಿಕೆ ಹೊದಿಸುತ್ತಾರೆಯೇ... ಬೇಡ ಎನ್ನಲು ಮನಸ್ಸು ಬರಲಿಲ್ಲ.

ಮಾರ್ಚ್ ೧೧, ಪೆಟ್ರೋಲ್ ಬಂಕ್

ಇವರೂ ಬಂದಿದ್ದಾರೆ, ಕರೆಯದೆ. ಹೊರಟು ಸ್ವಲ್ಪ ದೂರಕ್ಕೇ ನಿಲ್ಲಿಸಿದೆ — ಮೊದಲ ಕುಲುಕಾಟಕ್ಕೆ ವಿಮಾನ ಬಿಗಿದ ಪಟ್ಟಿಗಳು ಸಡಿಲವಾಗುತ್ತವೆ. ಆಗಿದ್ದವು. ಬಿಗಿದೆ. ಅದಕ್ಕಿಂತ ಕೆಟ್ಟದ್ದು ಹೊದಿಕೆ. ಗಾಳಿಗೆ ಪಟಪಟ ಹೊಡೆದುಕೊಂಡು, ಒಳಗೆ ಮರಳು ಸೇರಿ, ರೆಕ್ಕೆಯ ಬಣ್ಣವನ್ನು ಉಪ್ಪುಕಾಗದದ ಹಾಗೆ ಉಜ್ಜಿಹಾಕಿದೆ. ನಮ್ಮ ವಿಮಾನದ ರೆಕ್ಕೆಯ ಹೊರಮೈ ಬಟ್ಟೆಯದು; ಇನ್ನಷ್ಟು ಹೋಗಿದ್ದರೆ ಆ ಬಟ್ಟೆಯೇ ಹರಿಯುತ್ತಿತ್ತು.

ಇವರ ಮುಖ ಸಪ್ಪಗಾಯಿತು. "ಬೆಚ್ಚಗಿರಲಿ ಅಂತ..."

"ಅದೇನು ಮಗುವಾ?"

ಹೊದಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾರೆ. ಅಯ್ಯೋ ಅನ್ನಿಸಿತು. ಬಾಯಿಬಿಟ್ಟು ಹೇಳುವುದಿಲ್ಲ.

ಅದೇ ದಿನ, ಸೇತುವೆಯ ಈಚೆ

ಅಡ್ಡಗಾಳಿ. ಟ್ರೇಲರ್ ಬಾಲ ಅಲ್ಲಾಡಿಸುತ್ತಿತ್ತು. ನಿಲ್ಲಿಸಿದೆ.

"ಹೋಗೆ, ಏನೂ ಆಗಲ್ಲ. ನಾನು ಎಷ್ಟು ಸಲ ದಾಟಿಲ್ಲ? ಅಧಿಕಾರಿ ನಾಳೆ ಬೆಳಿಗ್ಗೆ ಬಂದು ಹೋಗ್ಬಿಡ್ತಾರೆ. ಆಮೇಲೆ ನನ್ನನ್ನ ಅನ್ನಬೇಡ."

"ಗಾಳಿ ಇಳಿಯೋವರೆಗೂ ಹೋಗಲ್ಲ."

"ಮೊಂಡುತನ ಮಾಡಬೇಡ."

ದಾರ ಎಳೆದು ತೋರಿಸಿದೆ. "ಪಿನ್ನು ಯಾರ ಹತ್ತಿರ ಇದೆ?"

ಇವರದೇ ನಿಯಮ, ಇವರಿಗೇ ತಿರುಗಿತು.

ಅಧಿಕಾರಿ ತಪ್ಪಿದರೆ ಎಲ್ಲ ಮುಗಿಯಿತು. ಆದರೂ ಹೋಗುವುದಿಲ್ಲ. ರೆಕ್ಕೆ ಮುರಿದುಕೊಂಡು ಸಮಯಕ್ಕೆ ಸರಿಯಾಗಿ ತಲುಪಿ ಏನು ಮಾಡಲಿ. ಆಗಲೇ ನಮ್ಮ ಮುಂದೆ ಹೋದ ಲಾರಿಯ ಟಾರ್ಪಾಲು ಕಿತ್ತುಕೊಂಡು ನದಿಗೆ ಬಿತ್ತು. ಇಬ್ಬರೂ ನೋಡಿದೆವು. ಇವರು ಫ್ಲಾಸ್ಕ್ ತೆಗೆದು ಟೀ ಬಗ್ಗಿಸಿದರು. ಮೊದಲ ಲೋಟ ನನಗೆ.

ಮಾರ್ಚ್ ೧೨, ಮಧ್ಯಾಹ್ನ

ಕಾರಿನಲ್ಲೇ ನಿದ್ದೆ. ಬೆಳಕು ಹರಿಯುವಾಗ ಗಾಳಿ ಇಳಿಯಿತು. ಅಧಿಕಾರಿ ಬ್ಯಾಗು ಮುಚ್ಚುವ ಹೊತ್ತಿಗೆ ನಾವು ಗೇಟಿನೊಳಗೆ. ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಟ್ರೇಲರ್ ಹಿಮ್ಮುಖವಾಗಿ ಹೋಗಬೇಕು, ಅಷ್ಟು ಜನರೆದುರು. ಒಂದೇ ಸಲಕ್ಕೆ ಹೋಯಿತು. ಕಸದ ಡಬ್ಬಿ ನೆನಪಾಯಿತು.

ಇವರು ರೆಕ್ಕೆಯ ತುದಿ ಹಿಡಿದು ಬಿಚ್ಚಿದರು. ಅಭ್ಯಾಸಬಲ, ಪಿನ್ನಿಗೆ ಕೈ ಚಾಚಿದರು. ಕೊಡಲಿಲ್ಲ. ಎರಡನ್ನೂ ನಾನೇ ಹಾಕಿದೆ.

ಅಧಿಕಾರಿ ಉಜ್ಜಿದ ಬಣ್ಣದ ಮೇಲೆ ಬೆರಳಾಡಿಸಿದರು. "ಇದೇನಾಯ್ತು?"

ಇವರು ನೆಲ ನೋಡಿದರು.

"ಪ್ರೀತಿ ಸ್ವಲ್ಪ ಜಾಸ್ತಿ ಆಯ್ತು ಸಾರ್" ಎಂದೆ.

ಬಟ್ಟೆ ಗಟ್ಟಿಯಾಗಿದೆ, ಪರವಾಗಿಲ್ಲ ಎಂದರು. ಸಹಿ ಹಾಕುವಾಗ ಕೇಳಿದರು, "ಹಾರಿಸೋರು ಯಾರು?" ಕೇಳಿದ್ದು ಇವರ ಮುಖ ನೋಡಿ. ಇವರು ನನ್ನ ಕಡೆ ಕೈ ತೋರಿಸಿದರು. ಪಿನ್ನು ನೋಡುವ ನೆಪದಲ್ಲಿ ಆಚೆ ತಿರುಗಿದೆ.

ಮಾರ್ಚ್ ೧೬, ಬೆಳಿಗ್ಗೆ

ಮುಂದಿನ ಸೀಟಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಎದುರಿಗೆ ಯಾರ ತಲೆಯೂ ಇಲ್ಲ. ಎಷ್ಟೊಂದು ಆಕಾಶ.

ಇವರು ಬಂದು ನಿಂತರು. "ಹಿಂದಿನ ಸೀಟು ಖಾಲಿ ಇದೆಯಾ?"

"ಇದೆ. ಸಲಹೆ ಕೊಡೋ ಹಾಗಿಲ್ಲ."

ಹತ್ತಿದರು. ಬೆಲ್ಟ್ ಹಾಕಿಕೊಂಡ ಸದ್ದು. ಆಗಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಏನೋ ಹೇಳುವವರಿದ್ದಾರೆ. ಅಷ್ಟರೊಳಗೆ ಎಂಜಿನ್ —