ಬಾಳವ್ವನ ಎದೆಯ ಹಿಂಗೋಡೆ

ಇಚಲಕರಂಜಿ
೬ ಡಿಸೆಂಬರ್ ೨೦೨೪, ಶುಕ್ರವಾರ

ಪ್ರೀತಿಯ ಪ್ರಣಿತಾ,

ಮೊದಲು ಮನೆಯ ಹಿರಿಯರಾದ ನಿನ್ನ ಅಜ್ಜನಿಗೂ ನಿನ್ನ ತಾಯಿ, ನನ್ನ ಅಕ್ಕ ನಾಗೂಬಾಯಿಗೂ ನಮಸ್ಕಾರ ತಿಳಿಸು. ಅಕ್ಕನ ಮಂಡಿನೋವು ಹೇಗಿದೆ? ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನನ್ನ ಬಳಿ ಎಕೋ ತರಬೇತಿ ಬಿಟ್ಟು ನೇಸರಿ ಊರಿಗೆ ಹೋದ ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಆದ್ದರಿಂದ ಈ ಕಾಗದವನ್ನು ಯುವರಾಜನ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆಯ ಗಂಡ ಎಂದು ನಾಚಿ ಒಳಗೆ ಓಡಬೇಡ. ಪಾಪ, ಚಹಾವನ್ನಾದರೂ ಕೊಡು.

ಸಂತೋಷದ ಸುದ್ದಿಯಿದೆ. ಅವನ ತಾಯಿ, ನಿನ್ನ ಸೋದರತ್ತೆ ಬಾಳವ್ವನಿಗೆ ನಿನ್ನೆ ನಾನೇ ಮತ್ತೊಮ್ಮೆ ಹೃದಯದ ಎಕೋ ಸ್ಕ್ಯಾನ್ ಮಾಡಿದೆ. ಕೊಲ್ಲಾಪುರದಲ್ಲಿ ಮುಚ್ಚಿದ ರಕ್ತನಾಳವನ್ನು ತೆರೆಸಿಕೊಂಡು ಬಂದು ನಾಲ್ಕು ವಾರವಾಯಿತಲ್ಲ, ಅಂದು ಕಲ್ಲಿನಂತೆ ನಿಂತಿದ್ದ ಹೃದಯದ ಹಿಂಗೋಡೆ ನಿನ್ನೆ ಬಡಿತ ಬಡಿತಕ್ಕೂ ದಪ್ಪವಾಗಿ ಒಳಗೆ ಸರಿಯುತ್ತಿತ್ತು! ಮೂವತ್ತು ವರ್ಷದಿಂದ ಈ ಪರದೆ ನೋಡುತ್ತಿರುವ ನನ್ನ ಕಣ್ಣೂ ಒದ್ದೆಯಾಯಿತು. ಅದು ಸತ್ತ ಗೋಡೆಯಲ್ಲ, ರಕ್ತವಿಲ್ಲದೆ ಮಂಕಾಗಿದ್ದ ಗೋಡೆ ಮಾತ್ರ.

ಮಗಳೇ, ಅವರಿಗೆ ಮೊದಲ ಎಕೋ ಮಾಡಿದ ಅಂದಿನ ನಿನ್ನ ತಪ್ಪು ಯಾವುದೆಂದು ಸರಿಯಾಗಿ ತಿಳಿದುಕೋ. ನಿನಗೆ ವಿದ್ಯೆ ಕಡಿಮೆಯಾಗಿರಲಿಲ್ಲ, ಮರ್ಯಾದೆ ಹೆಚ್ಚಾಗಿತ್ತು. ಅತ್ತೆಯಾಗುವವರಿಗೆ, ಅದರಲ್ಲೂ ಕೈ ನೋಯುತ್ತಿರುವವರಿಗೆ, ‘ಎಡಮಗ್ಗುಲಾಗಿ, ಕೈ ಎತ್ತಿ’ ಎನ್ನಲು ನಾಲಿಗೆ ಬರದೆ ಅಂಗಾತವೇ ಬಿಟ್ಟೆ. ಅದರಿಂದ ಮಸುಕಾದ ಚಿತ್ರದಲ್ಲಿ ಎಲ್ಲ ಗೋಡೆಗಳೂ ಅಲುಗಿದಂತೆ ಕಂಡವು; ‘ಸರಿಯಾಗಿವೆ’ ಎಂದು ಬರೆದೆ. ಗಡಹಿಂಗ್ಲಜ ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ಗುಂಪಿನ ನಡುವೆ ಸಿಕ್ಕವನು ತಾನು ಹೆಜ್ಜೆ ಇಡದೆಯೇ ಬಾಗಿಲು ಮುಟ್ಟುತ್ತಾನೆ. ಸೋತ ಗೋಡೆಯೂ ಅಷ್ಟೇ, ನೆರೆಯ ಗೋಡೆಗಳು ಎಳೆದರೆ ತಾನೂ ಅಲುಗುತ್ತದೆ. ಅದು ತಾನಾಗಿ ದಪ್ಪವಾಗುತ್ತಿದೆಯೇ ಎಂಬುದೇ ಪರೀಕ್ಷೆ. ಹತ್ತು ನಿಮಿಷದಲ್ಲಿ ನಾನು ಅವರನ್ನು ಮಗ್ಗುಲಾಗಿಸಿ ನೋಡಿದೆ, ಡಾಕ್ಟರು ಬಂದು ಖಚಿತಪಡಿಸಿದರು, ಆಗಲೇ ಕೊಲ್ಲಾಪುರಕ್ಕೆ ಗಾಡಿ ಹೊರಟಿತು. ನಿನ್ನಿಂದ ಹತ್ತು ನಿಮಿಷ ಹೋಯಿತು, ನಿಜ. ಅದನ್ನು ಮರೆಯಬೇಡ; ಆದರೆ ಅದಕ್ಕಾಗಿ ಈ ಕೆಲಸವನ್ನೇ ಬಿಡಬೇಡ. ನಾನು ಕಲಿಯುವಾಗ ಎಡಬಲವನ್ನೇ ತಿರುಗಾಮುರುಗಾ ಓದಿ ಬೈಸಿಕೊಂಡವನು.

ಬಾಳವ್ವನಿಗೆ ನಿನ್ನ ಮೇಲೆ ಸಿಟ್ಟಿದೆಯೆಂದು ಅಂಜಿದ್ದೀಯಂತೆ. ನಿನ್ನೆ ಅವರು ಅಂದದ್ದನ್ನು ಹಾಗೆಯೇ ಬರೆಯುತ್ತೇನೆ: “ಏನ್ರೀ ಬೀಗರ, ನನಗ ಹೊಳ್ಳಿ ಮಲಗ್ರಿ ಅನ್ನಾಕ ಆ ಹುಡುಗಿಗೆ ಇಷ್ಟ್ಯಾಕ ನಾಚಿಕಿ? ಸೊಸಿ ಆಗೂದು ಆಮ್ಯಾಲ, ಮೊದಲ ನನ್ನ ಎದಿ ಸರಿಯಾಗಿ ನೋಡಂತ ಹೇಳ್ರಿ! ನಲವತ್ತ ವರ್ಷ ಮಗ್ಗದ ಮುಂದ ಬೈಸ್ಕೊಂಡಾಕಿ ನಾನು, ಒಂದ ಮಾತಿಗೆ ಮುರದ ಹೋಗತೇನೇನ?” ಹೊರಗಿದ್ದ ನರ್ಸ್ ಕಾಂಚನ ನಕ್ಕು ನಕ್ಕು ಕುಳಿತುಬಿಟ್ಟಳು.

ನಿನ್ನ ಕೈ ಸ್ಥಿರವಾಗಲಿ, ಮನಸ್ಸು ಅದಕ್ಕಿಂತ ಸ್ಥಿರವಾಗಲಿ. ಅಜ್ಜನ ಪಾದಕ್ಕೆ ನನ್ನ ಶರಣು.

ನಿನ್ನ ಮಾಮಾ,
ಕೃಷ್ಣಾತ

ತಾ.ಕ.: ಯುವರಾಜ ಗಾಡಿ ಚಾಲೂ ಮಾಡಿ ನಿಂತಿದ್ದಾನೆ, ಮುಖ್ಯ ಮಾತೇ ಉಳಿದಿತ್ತು. ಬಾಳವ್ವನ ಜೊತೆ ಮಗ್ಗ ನಡೆಸುವ ಮುಕ್ತಾಬಾಯಿಗೂ ಎರಡು ತಿಂಗಳಿಂದ ಎಡಗೈ ಸೆಳೆತ. ‘ಮಗ್ಗದ್ದ ನೋವದು’ ಎಂದು ಎಣ್ಣೆ ತಿಕ್ಕುತ್ತಿದ್ದಳು, ಬಾಳವ್ವನಂತೆಯೇ. ಇಸಿಜಿ ನೋಡಿದ ಡಾಕ್ಟರು ಮಾತ್ರೆ ಕೊಟ್ಟು, ಎಕೋ ತಡ ಮಾಡಬಾರದೆಂದಿದ್ದಾರೆ. ‘ಗಂಡಸರ ಕೈಲೆ ಒಲ್ಲೆ’ ಎಂದು ಅವಳು ನನ್ನ ಬಾಗಿಲಿನಿಂದಲೇ ತಿರುಗಿ ಹೋದಳು. ಕೊಲ್ಲಾಪುರಕ್ಕೂ ಒಲ್ಲಳು. ಇಲ್ಲಿ ಎಕೋ ಮಾಡುವ ಬೇರೆ ಹೆಣ್ಣುಮಗಳಿಲ್ಲ, ನೀನೊಬ್ಬಳೇ. ನೀನೇ ನೋಡುತ್ತೀಯೆಂದು ಹೇಳಿ ಅವಳನ್ನು ನಾಳೆ ಹನ್ನೊಂದಕ್ಕೆ ಬರಹೇಳಿದ್ದೇನೆ. ನಾನು ಬಟ್ಟೆಯ ಪರದೆಯ ಆಚೆ ಕುಳಿತು ಚಿತ್ರವನ್ನಷ್ಟೇ ನೋಡುತ್ತೇನೆ. ಮೊದಲ ಬಸ್ಸು ಹಿಡಿ. ಬಂದವಳೇ ಕೈ ತೊಳೆದುಕೊಂಡು, ‘ಎಡಮಗ್ಗುಲಾಗ್ರಿ ಮಾವಶಿ’ ಎಂದು ಗಟ್ಟಿಯಾಗಿ ಹೇಳಿ ಕೆಲಸ ಶುರುಮಾಡು.