ಎಡಗೈ ಬೆನ್ನ ಹಿಂದೆ

ಅಂಗಡಿಯಿಂದ
ಮಂಗಳವಾರ, ಹನ್ನೆರಡನೇ ತಾರೀಖು

ಪ್ರೀತಿಯ ಮೊಂಡ ತಮ್ಮಾ,

ಕಣ್ಣು ಹೇಗಿದೆ? ಆಪರೇಷನ್ ಪಟ್ಟಿ ಬಿಚ್ಚಿದರೋ ಇಲ್ಲವೋ? ಉಜ್ಜಬೇಡ ಅಂದರೆ ಉಜ್ಜಬೇಡ. ನಿನ್ನ ಕೈಗೆ ಸುಮ್ಮನಿದ್ದು ಅಭ್ಯಾಸವಿಲ್ಲ. ಈ ಕಾಗದವನ್ನು ಮಗಳ ಕೈಲಿ ಓದಿಸು. ಕೂಸೇ, ಬೈಗುಳ ಬಂದ ಕಡೆ ನುಂಗಬೇಡ, ಜೋರಾಗಿ ಓದು. ನಾನು ಚೆನ್ನಾಗಿದ್ದೇನೆ, ಮಂಡಿನೋವೂ ಚೆನ್ನಾಗಿದೆ.

“ಇನ್ನು ನನ್ನ ಕೈಲಾಗಲ್ಲ ಅಕ್ಕಾ, ಕ್ಷೌರದಂಗಡಿಯವನ ಟೀವಿ ಗುಜರಿಗೆ ಹಾಕು, ನಮ್ಮಂಗಡಿಗೆ ಬೀಗ ಹಾಕು” ಅಂತ ಬರೆಸಿದ್ದೀಯಲ್ಲ, ಓದಿ ಮೈಯೆಲ್ಲಾ ಉರಿಯಿತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳೇ ಇರಬಹುದು. ಆದರೆ ಮೂವತ್ತು ವರ್ಷ ಅದೇ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಾ ನಿನ್ನ ಟೀವಿ ರಿಪೇರಿ ನೋಡಿದ್ದೇನೆ. ಬೀಗ ಹಾಕಲಿಲ್ಲ. ಟೀವಿ ಬಿಚ್ಚಿದೆ. ಮಂಕಾದ ಪಿಕ್ಚರ್ ಟ್ಯೂಬ್ ತೆಗೆದು, ನೀನು ಅಟ್ಟದ ಮೇಲೆ ಇಟ್ಟಿದ್ದ ಒಳ್ಳೆಯದನ್ನು ಕೂರಿಸಿದೆ.

ಹೌಹಾರಬೇಡ, ಕಣ್ಣಿಗೆ ಒಳ್ಳೆಯದಲ್ಲ. ಪ್ಲಗ್ ಕಿತ್ತು ಕಣ್ಣೆದುರೇ ಮಿಷನ್ ಮೇಲೆ ಇಟ್ಟುಕೊಂಡೆ. ಪ್ಲಗ್ ಕಿತ್ತರೂ ಟ್ಯೂಬಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತೆ ಅಂತ ನೀನೇ ಹೇಳಿದ್ದೆಯಲ್ಲ, ಒಂದು ದಿನ ಹಾಗೇ ಬಿಟ್ಟೆ. ಆಮೇಲೆ ನಿನ್ನ ಪ್ಲಾಸ್ಟಿಕ್ ಹಿಡಿಯ ಉದ್ದ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲಿನ ಅರ್ತ್ ತಂತಿಗೆ ಸಿಕ್ಕಿಸಿದೆ. ಶಾಕ್ ಹೊಡೆದರೂ ಎದೆ ಹಾಯದಿರಲಿ ಅಂತ ಎಡಗೈ ಬೆನ್ನ ಹಿಂದೆ, ನೀನು ನಿಲ್ಲುವ ಹಾಗೇ. ಟ್ಯೂಬಿಗೆ ಕರೆಂಟು ಹೋಗುವ ಕಡೆ ಇರುವ ರಬ್ಬರ್ ಟೋಪಿಯ ಕೆಳಗೆ ಸ್ಕ್ರೂಡ್ರೈವರ್ ತುದಿ ತೂರಿಸಿದೆ. ಟಪ್ ಅಂತು! “ಸತ್ತ ಹಾವಿನ ಹಾಗೆ ಬಿದ್ದಿರುತ್ತೆ, ನಂಬಬೇಡ” ಅನ್ನುತ್ತಿದ್ದೆಯಲ್ಲ, ಹತ್ತು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿದೆ. ಕಳ್ಳ ಮುಂಡೇದು ಇನ್ನೊಮ್ಮೆ ಸಣ್ಣಗೆ ಚಿಟಿಕೆ ಹೊಡೆಯಿತು. ಮೂರನೇ ಸಲಕ್ಕೆ ಉಸಿರಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಕ್ಷೌರದವನು “ಅಕ್ಕಾ, ನಂಗೆ ಟೀವಿ ಬೇಡ, ನೀನು ಉಳಿದ್ರೆ ಸಾಕು” ಅಂದ. “ತೆಪ್ಪಗೆ ನಿಂತ್ಕೋ” ಅಂದೆ. ಒಡೆದರೆ ಗಾಜು ಸಿಡಿಯುತ್ತೆ ಅಂತ ನೀನು ಹೆದರಿಸಿದ್ದು ನೆನಪಿತ್ತು. ಕಣ್ಣಿಗೆ ನಿನ್ನ ದೊಡ್ಡ ಕನ್ನಡಕ, ಕೈಗೆ ದಪ್ಪ ಕೈಗವಸು, ಮೇಲೆ ಕೋಟು. ಟ್ಯೂಬಿನ ಸಣ್ಣ ಕತ್ತು ಮುಟ್ಟದೆ, ಅಗಲ ಮುಖವನ್ನು ಎದೆಗೊತ್ತಿಕೊಂಡು ಎತ್ತಿ, ಕಂಬಳಿಯ ಮೇಲೆ ಬೋರಲು ಮಲಗಿಸಿದೆ. ಅಮ್ಮ ನಿನ್ನನ್ನೂ ಇಷ್ಟು ಜೋಪಾನವಾಗಿ ಎತ್ತಿರಲಿಲ್ಲ. ಹೊಸದನ್ನು ಕೂರಿಸಿ, ಕತ್ತಿಗೆ ತಾಮ್ರದ ಸುರುಳಿ ಹಾಕಿ, ಸ್ವಿಚ್ ಒತ್ತಿದೆ. ಚಿತ್ರ ಬಂತು ಕಣೋ! ಕಪ್ಪು ಬಿಳುಪು, ಕನ್ನಡಿ ತೊಳೆದ ಹಾಗೆ. ಕ್ಷೌರದವನು ಕತ್ತರಿ ಹಿಡಿದೇ ಕುಣಿದ.

ಕಣ್ಣಿಗೆ ಔಷಧಿ ಹೊತ್ತಿಗೆ ಸರಿಯಾಗಿ ಹಾಕಿಸಿಕೋ. ಕೂಸಿಗೆ ಎರಡು ಮುತ್ತು, ನಿನಗೆ ಒಂದು ಗುದ್ದು.

ನಿನ್ನ ಅಕ್ಕ

ಮರೆತೆ: ಸುರುಳಿಯನ್ನು ಕೆಳಗು ಮೇಲು ಮಾಡಿ ಕೂರಿಸಿಬಿಟ್ಟಿದ್ದೇನೆ. ಚಿತ್ರ ತಲೆಕೆಳಗು. ಟೀವಿ ಇರುವುದು ಕ್ಷೌರದ ಕುರ್ಚಿಯ ಹಿಂದಲ್ಲವೇ, ಗಡ್ಡ ಕೆರೆಸಲು ತಲೆ ಹಿಂದಕ್ಕೆ ಚೆಲ್ಲಿದವರಿಗೆ ಮಾತ್ರ ನೆಟ್ಟಗೆ ಕಾಣುತ್ತೆ. ಈ ಬೀದಿಯಲ್ಲಿ ಈಗ ಗಡ್ಡ ಇರುವ ಗಂಡಸೇ ಇಲ್ಲ. ಸುರುಳಿ ತಿರುಗಿಸಿದರೆ ಸರಿಹೋಗುತ್ತೆ ಅಂತ ನನಗೂ ಗೊತ್ತು. ತಿರುಗಿಸುವುದಿಲ್ಲ. ಅದು ನಿನ್ನ ಕೆಲಸ. ನಿನ್ನ ಸ್ಟೂಲು ಒರೆಸಿಟ್ಟಿದ್ದೇನೆ, ಬಾ.