ನಿಮಿಷಕ್ಕೆ ಅರವತ್ತು

ಟಿಪ್ಟನ್,
9 ಫೆಬ್ರುವರಿ 2019

ಪ್ರೀತಿಯ ನೆವಿಲ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ಇದನ್ನು ಹರಿದು ಹಾಕೋಣ ಅನ್ನಿಸಿರುತ್ತದೆ. ಓದು, ಆಮೇಲೆ ಹರಿ. ಮೂವತ್ತೆರಡು ವರ್ಷ ಮಾತಿಲ್ಲದ ಮೇಲೆ ಕ್ಷೇಮಸಮಾಚಾರ ಕೇಳುವ ಹಕ್ಕು ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಮ್ಮ ಬ್ಯಾಂಡ್ ‘ಪಿಟ್‌ಬ್ಯಾಂಕ್’ನ ಕ್ಯಾಸೆಟ್ಟನ್ನು ಫಿನ್‌ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಎಲ್‌ಪಿ ರೆಕಾರ್ಡಾಗಿ ತರುತ್ತಿದ್ದಾರೆ. ಇರುವುದು ಅದೊಂದೇ ಕ್ಯಾಸೆಟ್ಟು, ನಾಲ್ಕೇ ಹಾಡು. ಆದರೂ ನಮ್ಮ ನಿಧಾನಗತಿಯ ರಾಕ್, ಅಂದರೆ ಡೂಮ್ ಮೆಟಲ್, ಹೇಗಿರಬೇಕು ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೂರೇ ಜನ, ಕೀಬೋರ್ಡ್ ಕೂಡದು, ವೇಗದ ಹಾಡು ಕೂಡದು. ಚಾಪೆಲ್ ಹಿಂದಿನ ಭಾನುವಾರದ ಶಾಲೆಯ ಕೋಣೆಯಲ್ಲಿ ನಾವು ಗೋಡೆಯ ಮೇಲೆ ಬರೆದಿದ್ದೂ ಇದೇ ಅಲ್ಲವೇ? ಕೊನೆಯ ಸಾಲು ನಿನ್ನದು, ಸೀಮೆಸುಣ್ಣದಲ್ಲಿ: ‘ಓಡುವವನು ಹೊರಗೆ.’

ಆ ಶನಿವಾರದ ಮಧ್ಯಾಹ್ನಗಳು ನೆನಪಾಗುತ್ತವೆ. ನಮ್ಮ ಹಾಡುಗಾರ ಕೀತ್‌ನ ಅಮ್ಮ ಬಟಾಣಿ, ಬೇಕನ್ ಬೇಯಿಸಿ ಪಾತ್ರೆಸಮೇತ ಕಳಿಸುತ್ತಿದ್ದರು. ನೀನು ಅಂಚೆಚೀಟಿಗಳ ಮೇಲೆ ಮುದ್ರೆ ಹಿಡಿಯದಂತೆ ಸೋಪು ಸವರುತ್ತ ಕೂರುತ್ತಿದ್ದೆ. ಕ್ಯಾಸೆಟ್ ತಲುಪಿದವರು ಚೀಟಿ ಬಿಡಿಸಿ ವಾಪಸ್ ಕಳಿಸಬೇಕು, ನಾವು ಮುದ್ರೆ ತೊಳೆದು ಮತ್ತೆ ಅಂಟಿಸಬೇಕು. ಪೋಲೆಂಡಿಗೆ ಹೋದ ಒಂದು ಚೀಟಿ ಐದು ಸಲ ತಿರುಗಿತ್ತು. ಚಿಲಿಯಿಂದ ಒಬ್ಬ ಬರೆದಿದ್ದ: ಇಷ್ಟು ನಿಧಾನವಾಗಿ ಬಾರಿಸುವ ಡ್ರಮ್ಮರ್ ಮನುಷ್ಯನೇ ಅಲ್ಲ ಅಂತ. ನೀನು ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಕಂಡಕಂಡವರಿಗೆಲ್ಲ ಓದಿ ಹೇಳಿದೆ.

ಆಮೇಲೆ ಮೇ ತಿಂಗಳು, ಡಡ್ಲಿಯ ಪಬ್ಬಿನ ಮಹಡಿಯಲ್ಲಿ ನಮ್ಮ ಕಾರ್ಯಕ್ರಮ. ಎರಡನೇ ಹಾಡು ಮುಗಿದಾಗ ಕೀತ್ ಮೈಕಿನಲ್ಲೇ ಕೇಳಿದ, “ಏನೋ ನೆವಿಲ್, ಕೊನೇ ಬಸ್ಸು ಹಿಡೀಬೇಕಾ ನಿಂಗೆ?” ಜನ ನಕ್ಕರು. ನೀನು, “ಟೇಪಲ್ಲಿ ಹೊಡೆದ ಹಾಗೇ ಹೊಡೀತಿದೀನಿ ಕಣ್ರೋ!” ಅಂದೆ. ಮಾರನೇ ದಿನ ಚಾಪೆಲ್ ಕೋಣೆಯಲ್ಲಿ ಕೀತ್ ಕ್ಯಾಸೆಟ್ ಹಾಕಿ, “ಕೇಳ್ಕೋ, ಕಿವಿ ಇದ್ರೆ” ಅಂದ. ನೀನು ಕೇಳಿದೆ. ಜೊತೆಗೆ ತೊಡೆಯ ಮೇಲೆ ತಾಳ ಹಾಕಿ ನೋಡಿದೆ. ನಿನ್ನ ಕೈ ಪ್ರತಿ ಸಲವೂ ಮುಂದೆ ಹೋಯಿತು. ಕೀತ್ ಗೋಡೆಯ ಕೊನೆಯ ಸಾಲು ತೋರಿಸಿದ. ನೀನು ಡ್ರಮ್ಸ್ ಬಿಚ್ಚಿ ನಿಮ್ಮಪ್ಪನ ವ್ಯಾನಿಗೆ ಹೊತ್ತೆ. ನಾನು ಬಾಗಿಲು ಹಿಡಿದುಕೊಂಡು ನಿಂತಿದ್ದೆ.

ಈಗ ಕೇಳು. ಕಳೆದ ತಿಂಗಳು ಫಿನ್‌ಲೆಂಡಿನವರಿಗೆ ಕ್ಯಾಸೆಟ್ಟಿನ ಜೊತೆ ಮೂಲ ಟೇಪನ್ನೂ ಕಳಿಸಿದೆ. ಅವರ ಇಂಜಿನಿಯರ್ ಹೆಂಗಸು ಫೋನ್ ಮಾಡಿದಳು. ಆಂಪ್ಲಿಫೈಯರಿನ ಹಿಂದೆ ಕರೆಂಟಿನ ಗುಂಯ್ ಸದ್ದು ಇರುತ್ತದಲ್ಲ, ಅದು ಸೆಕೆಂಡಿಗೆ ಐವತ್ತು ಕಂಪನ ಇರಲೇಬೇಕು. ಮೂಲ ಟೇಪಿನಲ್ಲಿ ಐವತ್ತೇ ಇದೆ. ಕ್ಯಾಸೆಟ್ಟಿನಲ್ಲಿ ನಲವತ್ತೈದು. “ಕಾಪಿ ಮಾಡುವಾಗ ಮೂಲ ಟೇಪು ಹಾಕಿದ ನಿಮ್ಮ ಮೆಷಿನ್ನು ನಿಧಾನ ಓಡಿದೆ, ಬೆಲ್ಟ್ ಸಡಿಲ ಆಗಿರಬೇಕು” ಅಂದಳು. ನೀನು ಹೊಡೆದದ್ದು ನಿಮಿಷಕ್ಕೆ ಅರವತ್ತು ಪೆಟ್ಟು. ಕ್ಯಾಸೆಟ್ಟಿನಲ್ಲಿ ಅದು ಐವತ್ತನಾಲ್ಕು ಆಗಿದೆ. “ಮೂಲದಲ್ಲಿ ನಾಲ್ಕೂ ಹಾಡು ಮೊದಲಿಂದ ಕೊನೇವರೆಗೆ ಅರವತ್ತೇ. ಯಾರ್ರೀ ಈ ಡ್ರಮ್ಮರ್, ಗಡಿಯಾರ ನುಂಗಿದ್ದಾನಾ?” ಅಂತ ಕೇಳಿದಳು. ಪಾಪ, ಆಗ ನಮಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ನಿನ್ನ ತಂಗಿ ಮೋರೀನ್ ಮಾರ್ಕೆಟ್ಟಿನಲ್ಲಿ ಸಿಕ್ಕಿದ್ದಳು. ನೀನು ಆ ಬೇಸಿಗೆಯಲ್ಲೇ ಡ್ರಮ್ಸ್ ಮಾರಿದೆಯಂತೆ. “ಅಣ್ಣ ಈಗ ಮೇಜಿನ ಮೇಲೆ ಬೆರಳು ಕೂಡ ಬಡಿಯಲ್ಲ ರಾಯ್. ಮೊಮ್ಮಗಳು ಕುಣಿಯೋವಾಗ ಚಪ್ಪಾಳೆ ತಟ್ಟು ಅಂದ್ರೆ, ನಂಗೆ ತಾಳ ಇಲ್ಲ ಪುಟ್ಟಿ ಅಂತಾನೆ” ಅಂದಳು. ಅದಕ್ಕೇ ಈ ಕಾಗದ.

ರೆಕಾರ್ಡ್ ಯಾವ ವೇಗದಲ್ಲಿ ಬರಬೇಕು ಅಂತ ಇದೇ ಇಪ್ಪತ್ತೆರಡರ ಒಳಗೆ ಹೇಳಬೇಕು. ಕೀತ್ ಐವತ್ತನಾಲ್ಕೇ ಇರಲಿ ಅನ್ನುತ್ತಾನೆ. ಅವನ ದನಿ ಅದರಲ್ಲಿ ಸಮಾಧಿಯೊಳಗಿಂದ ಬಂದ ಹಾಗಿದೆ. ಜನ ಪ್ರೀತಿಸಿದ್ದೂ ಅದನ್ನೇ. ನೀನು ಅರವತ್ತು ಅಂದರೆ ಅರವತ್ತು. ರೆಕಾರ್ಡೇ ಬೇಡ ಅಂದರೆ ಬೇಡ. ಫಿನ್‌ಲೆಂಡಿನವರಿಗೆ ಹಾಗೆಂದು ಹೇಳಿಬಿಟ್ಟಿದ್ದೇನೆ.

ನಿನ್ನವನು ಅನ್ನಲು ಹಿಂಜರಿಯುವ,
ರಾಯ್‌ಸ್ಟನ್ ಟ್ರೋಮನ್ಸ್

ಮರೆತದ್ದು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ‘ಹೇಗೆ ಗೊತ್ತಾಗಬೇಕು’ ಅಂದದ್ದು ಸುಳ್ಳು. ಮೊದಲ ಕಾಪಿ ಮಾಡಿದ ದಿನವೇ ಅದರ ಜೊತೆ ನುಡಿಸಲು ಕೂತೆ. ಸ್ವರ ಕೂಡಲಿಲ್ಲ, ಗಿಟಾರಿನ ಆರೂ ತಂತಿ ಸಡಿಲ ಮಾಡಬೇಕಾಯಿತು. ಅಲ್ಲಿಗೆ ಗೊತ್ತಾಯಿತು. ಆದರೆ ಆ ನಿಧಾನ ಕೇಳಿ ನನಗೆ ಮೈ ಜುಮ್ಮೆಂದಿತ್ತು. ಆಮೇಲೆ ಕಾಗದಗಳು ಬರತೊಡಗಿದವು, ನಾನು ಬಾಯಿ ಬಿಡಲಿಲ್ಲ. ಜೊತೆಗೆ ಒಂದು ಪೊಟ್ಟಣ ಇಟ್ಟಿದ್ದೇನೆ. ಅದರಲ್ಲಿರುವುದು ಮೆಷಿನ್ನಿಗೆಂದು ತಂದು, ಹಾಕದೇ ಬಿಟ್ಟ ಹೊಸ ಬೆಲ್ಟು. ಅಂಗಡಿಯವನು ಒತ್ತಿದ ತಾರೀಖು ನೋಡು: 9 ಏಪ್ರಿಲ್ 1987. ನೀನು ವ್ಯಾನ್ ಹತ್ತಿದ್ದು ಮೇ ತಿಂಗಳಲ್ಲಿ.